ಹಸಿರು ಗುಂಡಿ

ಪೆಟ್ಟಿಗೆ ನನ್ನ ಅಂಗೈಯಷ್ಟೇ ಇತ್ತು. ಮೇಲೆ ಎರಡು ಗುಂಡಿ, ಒಂದು ಹಸಿರು, ಒಂದು ಕೆಂಪು. ಹಸಿರು ಒತ್ತಿದರೆ ಸದ್ದಾಗುತ್ತಿರಲಿಲ್ಲ. ಕೆಂಪು ಒತ್ತಿದರೆ ಗುಬ್ಬಿಮರಿ ಚೀರಿದಂತೆ ಸಣ್ಣ ಸದ್ದು ಬರುತ್ತಿತ್ತು. ಎದುರಿಗೆ ಕೂತವರಿಗೂ ಕೇಳುತ್ತಿತ್ತು. ಆ ಸದ್ದೊಂದು ಇರದಿದ್ದರೆ ನಮ್ಮ ಮನೆಯಲ್ಲಿ ನಡೆದದ್ದು ನಡೆಯುತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ.

ಪೆಟ್ಟಿಗೆಯನ್ನು ನನ್ನ ಕೈಗಿಟ್ಟವಳು ಫರ್ಹಾನಾ ಸವಣೂರ. ಧಾರವಾಡದ ಹೊರಗೆ, ಗುಡ್ಡದ ಬದಿಗೆ ಹೊಸದಾಗಿ ಕಟ್ಟಿದ ನರಸೇತು ಕೇಂದ್ರದಲ್ಲಿ ಅವಳು ಎಂಜಿನಿಯರ್. ವಯಸ್ಸು ಮೂವತ್ತು ದಾಟಿರಲಿಲ್ಲ. ಮೊದಲ ದಿನ ನನ್ನನ್ನು ಕೂರಿಸಿ, ತನ್ನ ಕುರ್ಚಿಯಲ್ಲಿದ್ದ ದಿಂಬನ್ನು ತೆಗೆದು ನನ್ನ ಬೆನ್ನಿಗೆ ಕೊಟ್ಟು, ಆಮೇಲೆ ಮಾತು ಶುರುಮಾಡಿದಳು.

ನನ್ನ ಅಳಿಯ ಗುರುಪಾದರ ತಲೆಬುರುಡೆಯ ಒಳಗೆ ಅವರು ಒಂದು ಜಾಲರಿ ಹಾಸಿದ್ದರು. ಜೇಡರ ಬಲೆಗಿಂತ ತೆಳುವಾದದ್ದು. ನಾವು ಒಂದು ಮಾತನ್ನು ಸರಿಯಾಗಿ ಆಡಿದಾಗ, ಒಂದು ಕೆಲಸವನ್ನು ಸರಿಯಾಗಿ ಮಾಡಿದಾಗ ಮಿದುಳು ತನ್ನೊಳಗೇ ಒಂದು ಗಂಟೆ ಬಾರಿಸಿಕೊಳ್ಳುತ್ತದಂತೆ. ಗಂಟೆ ಬಾರಿಸಿದ್ದು ನೆನಪಿನಲ್ಲಿ ನಿಲ್ಲುತ್ತದೆ, ಬಾರಿಸದ್ದು ಅಳಿಸಿಹೋಗುತ್ತದೆ. ಅಪಘಾತದಲ್ಲಿ ಗುರುಪಾದರ ತಲೆಯೊಳಗಿನ ಆ ಗಂಟೆಯೇ ಒಡೆದಿತ್ತು. ಹಳೆಯ ನೆನಪೆಲ್ಲ ಇತ್ತು, ಕೆಲವು ಹೆಸರು, ರೂಢಿಗಳಷ್ಟೇ ಕಲಸಿಹೋಗಿದ್ದವು; ಹೊಸದು ಏನೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕಂಡದ್ದು ಮಧ್ಯಾಹ್ನಕ್ಕೆ ಇಲ್ಲ. ಇನ್ನು ಮೇಲೆ ಆ ಗಂಟೆಯನ್ನು ಹೊರಗಿನಿಂದ ನಾನು ಬಾರಿಸಬೇಕು. ಸರಿಗೆ ಹಸಿರು, ತಪ್ಪಿಗೆ ಕೆಂಪು.

“ಒಂದ ಮಾತು ನೆನಪಿಡ್ರಿ ಅಮ್ಮಾರ,” ಎಂದಳು ಫರ್ಹಾನಾ. “ನೀವು ಒತ್ತೋದ್ರ ಹಿಂದಿನ ಐದು ಸೆಕೆಂಡು ಏನಿರ್ತೈತಿ, ಜಾಲರಿ ಅದನ್ನಷ್ಟ ಹಿಡೀತೈತಿ. ಅವ್ರು ಹೇಳಿದ ಕೂಡ್ಲೆ ಒತ್ತಬೇಕು.”

ಇದಕ್ಕೆ ನೂರಿಪ್ಪತ್ತು ದಿನದ ಗಡುವು. ಅಷ್ಟರೊಳಗೆ ಮಿದುಳಿನ ನರಗಳು ಜಾಲರಿಯ ಕಣ್ಣುಗಳಲ್ಲಿ ತೂರಿ ಬೆಳೆದು ಅದನ್ನು ತಮ್ಮದನ್ನಾಗಿ ಮಾಡಿಕೊಳ್ಳುತ್ತವೆ. ಆಮೇಲೆ ಕಲಿತದ್ದು ಕಲಿತದ್ದೇ, ಬಿಟ್ಟದ್ದು ಬಿಟ್ಟದ್ದೇ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ನನಗೆ ಇದು ತಟ್ಟನೆ ತಿಳಿಯಿತು. ಕಸಿ ಕಟ್ಟಿದ ಟೊಂಗೆಯನ್ನು ಮೊದಲ ಕೆಲವು ವಾರ ಬೇಕಾದ ಕಡೆ ಬಾಗಿಸಬಹುದು. ಬೆಸೆದ ಮೇಲೆ ಬಾಗಿಸಹೋದರೆ ಸೀಳುತ್ತದೆ.

ಅಪಘಾತ ಆದದ್ದು ಕಬ್ಬು ಸಾಗಿಸುವ ಕಾಲದಲ್ಲಿ. ಗುರುಪಾದರು, ನನ್ನ ಮಗಳು ವಿಶಾಲಾಕ್ಷಿ, ಇಬ್ಬರೂ ಬೈಲಹೊಂಗಲದಲ್ಲಿ ಪರಿಚಯದವರ ಮಗುವಿನ ತೊಟ್ಟಿಲ ಕಾರ್ಯ ಮುಗಿಸಿಕೊಂಡು ಕಾರಿನಲ್ಲಿ ಬರುತ್ತಿದ್ದರು. ಕತ್ತಲಾಗಿತ್ತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದಿನ ದೀಪವಿಲ್ಲದ್ದು. ಕಾರು ನಡೆಸುತ್ತಿದ್ದವರು ಗುರುಪಾದರು. ವಿಶಾಲಿ ಅಲ್ಲೇ ಹೋದಳು. ಅವರು ಐದು ತಿಂಗಳು ಆಸ್ಪತ್ರೆಯಲ್ಲಿದ್ದು ನಮ್ಮ ಮನೆಗೆ ಬಂದರು. ಅವರಿಗೆ ತಂದೆತಾಯಿ ಇಲ್ಲ. ನನಗೂ ವಿಶಾಲಿ ಬಿಟ್ಟರೆ ಯಾರೂ ಇರಲಿಲ್ಲ. ಅವರಿಗೆ ನಾನು, ನನಗೆ ಅವರು.

*

ಮಿದುಳಿಗೆ ಪೆಟ್ಟಾದವರ ಜೊತೆಗಿರುವುದೆಂದರೆ ಏನೆಂದು ಹೊರಗಿನವರಿಗೆ ಕಾಣುವುದಿಲ್ಲ. ಕೈಕಾಲು ಸರಿ ಇವೆ, ಮುಖದಲ್ಲಿ ಹುಬ್ಬಿನ ಮೇಲೊಂದು ಗೆರೆ ಬಿಟ್ಟರೆ ಗಾಯವಿಲ್ಲ. ಬಂದವರು ಎಷ್ಟು ಆರಾಮ ಆಗ್ಯಾರ ಎಂದು ಹೇಳಿ ಹೋಗುತ್ತಿದ್ದರು. ಗುರುಪಾದರು ಎಡಗಾಲಿಗೆ ಚಪ್ಪಲಿ ಮೆಟ್ಟದೆ ಅಂಗಳಕ್ಕೆ ಇಳಿಯುವುದು, ಬಚ್ಚಲಲ್ಲಿ ನೀರು ಹೊಯ್ದುಕೊಂಡು ಮುಂದೇನು ಎಂದು ತಿಳಿಯದೆ ನಡುಗುತ್ತ ನಿಲ್ಲುವುದು, ಪಾತ್ರೆ ಬಿದ್ದ ಸದ್ದಿಗೆ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನೆಲಕ್ಕೆ ಕುಸಿಯುವುದು, ಇವೆಲ್ಲ ಬಂದವರಿಗೆ ಕಾಣುತ್ತಿರಲಿಲ್ಲ. ತಾಟಿನ ಎಡಗಡೆ ಇರುವುದು ಗುರುಪಾದರ ಗಮನಕ್ಕೇ ಬರುತ್ತಿರಲಿಲ್ಲ. ಅರ್ಧ ರೊಟ್ಟಿ, ಪೂರಾ ಪಲ್ಯ ಹಾಗೇ ಉಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಒಬ್ಬ ಆಯಾ ಏನೂ ಹೇಳದೆ, ಮಾತಾಡುತ್ತಲೇ ಅವರ ತಾಟನ್ನು ಅರ್ಧ ಸುತ್ತು ತಿರುಗಿಸಿಬಿಡುತ್ತಿದ್ದಳು. ಎಡಗಡೆಯದು ಬಲಕ್ಕೆ ಬರುತ್ತಿತ್ತು, ಅವರು ಉಣ್ಣುತ್ತಿದ್ದರು. ಆ ಉಪಾಯ ಅವಳಿಂದ ಕಲಿತೆ. ಅವಳ ಹೆಸರು ಕೇಳಿಕೊಳ್ಳಲಿಲ್ಲ.

ಪೆಟ್ಟಿಗೆ ಬಂದ ಮೊದಲ ದಿನ ಬಾಳೆಹಣ್ಣು ತೋರಿಸಿ ಇದೇನೆಂದು ಕೇಳಿದೆ. ಅವರು ಚಾವಿ ಎಂದರು. ಕೆಂಪು ಒತ್ತಿದೆ. ಗುಬ್ಬಿ ಚೀರಿತು. ಅವರ ಕಿವಿಯವರೆಗೆ ಕೆಂಪೇರಿತು. ನಲವತ್ತಮೂರು ವರ್ಷದ ಮನುಷ್ಯ, ಭೂಮಾಪನ ಇಲಾಖೆಯ ಸರ್ವೇಯರು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ತಪ್ಪಾತೇನ್ರಿ ಎಂದು ಕೇಳಿದರು.

ನನ್ನ ತಾಯಿ ತನ್ನ ಅಳಿಯಂದಿರ ಎದುರು ಬಾಗಿಲ ಮರೆಯಲ್ಲಿ ನಿಂತೇ ಮಾತಾಡಿದವಳು. ನಾನು ಓದಿದೆ, ನೌಕರಿ ಮಾಡಿದೆ, ಗುರುಪಾದರ ಜೊತೆ ಒಂದೇ ಮೇಜಿಗೆ ಕೂತು ಚಹಾ ಕುಡಿದೆ. ಆದರೂ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರ ಮುಖಕ್ಕೆ ನಿಮ್ಮದು ತಪ್ಪು ಎಂದದ್ದಿಲ್ಲ. ಮದುವೆಯಾದ ಹೊಸದರಲ್ಲಿ ಅವರು ಅತ್ತೆಗೆ ನೆರವಾಗಲೆಂದು ಹಿತ್ತಲಿನಲ್ಲಿ ಕಳೆ ಕೀಳಲು ಹೋಗಿ ಆರು ತಿಂಗಳಿಂದ ಸಾಕಿದ್ದ ನನ್ನ ಕರಿಬೇವನ್ನು ಬೇರುಸಮೇತ ಕಿತ್ತಿದ್ದರು. ಜಾಗ ಸ್ವಚ್ಛ ಆತು ಬಿಡ್ರಿ ಎಂದಿದ್ದೆ, ಸಸ್ಯಶಾಸ್ತ್ರ ಕಲಿಸುವ ನಾನು. ವಿಶಾಲಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದಳು. ನಮ್ಮ ಕಡೆ ಅಳಿಯನಿಗೆ ಅತ್ತೆ ಹೀಗೆಯೇ. ಅದು ಕಲಿಸಿ ಬರುವುದಲ್ಲ.

ಬಾಳೆಹಣ್ಣಿನ ಆ ದಿನದಿಂದ ನಾನು ಕೆಂಪು ಮುಟ್ಟಲಿಲ್ಲ. ಅವರು ತಪ್ಪಿದರೆ ಸರಿಯಾದದ್ದನ್ನು ನಾನೇ ಮೆಲ್ಲಗೆ ಹೇಳಿ, ಅವರು ಅದನ್ನು ತಿರುಗಿ ಹೇಳಿದ ಕೂಡಲೇ ಹಸಿರು ಒತ್ತುತ್ತಿದ್ದೆ. ಹೆಸರುಗಳು ಬಂದವು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಬಂತು, ಬಚ್ಚಲಿನ ಕ್ರಮ ಬಂತು. ಕೇಂದ್ರಕ್ಕೆ ತಲುಪುತ್ತಿದ್ದದ್ದು ಎಷ್ಟು ಹಸಿರು, ಎಷ್ಟು ಕೆಂಪು ಎಂಬ ಸಂಖ್ಯೆ ಮಾತ್ರ. ಮೊದಮೊದಲು ಕೆಂಪು ಕಡಿಮೆ ಇದ್ದರೆ ಒಳ್ಳೆಯದೇ ಎಂದು ಅವರೂ ಹೇಳಿದ್ದರು. ಎರಡನೆಯ ತಪಾಸಣೆಯ ಹೊತ್ತಿಗೆ ಗುರುಪಾದರಿಗೆ ಜ್ವರ ಬಂದು ನಾವು ಹೋಗಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಏನೂ ಕೆಡುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅವರಿಗೆ ವಿಶಾಲಿಯ ಸುದ್ದಿಯನ್ನು ಎರಡು ಸಲ ಹೇಳಿದ್ದರು. ಎರಡು ಸಲವೂ ಅವರು ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋಗಿದ್ದರು, ಎರಡು ಸಲವೂ ಮಧ್ಯಾಹ್ನದ ಊಟದ ಹೊತ್ತಿಗೆ ಮರೆತಿದ್ದರು. ಮನೆಗೆ ಬಂದ ಮೂರನೆಯ ದಿನ ಚಹಾ ಕುಡಿಯುತ್ತ ವಿಶಾಲಿ ಎಲ್ಲಿ ಎಂದು ನನ್ನನ್ನು ಕೇಳಿದರು. ಬೈಲಹೊಂಗಲದಾಗ ಉಳದಾಳ್ರಿ ಎಂದೆ. ನಾಳಿ ಬರ್ತಾಳೇನ್ರಿ ಎಂದರು. ನಾನು ತಲೆಯಾಡಿಸಿದೆ.

“ನಾಳಿ ಬರ್ತಾಳ,” ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅಪಘಾತವಾದ ಮೇಲೆ ಮೊದಲ ಸಲ ಅವರ ಮುಖ ಅವರ ಮುಖದಂತೆ ಆಯಿತು.

ಹಸಿರು ಒತ್ತಿದೆ.

ಒತ್ತಿದ್ದು ಅವರಿಗಾಗಿ ಮಾತ್ರ ಎಂದರೆ ಸುಳ್ಳಾದೀತು. ಅವರು ಹಾಗೆ ಹೇಳಿದ ಗಳಿಗೆಯಲ್ಲಿ ನನ್ನ ಮಗಳು ಬೈಲಹೊಂಗಲದಲ್ಲಿ ಸೀರೆ ಮಡಚಿ ಚೀಲಕ್ಕೆ ಇಡುತ್ತಿದ್ದಳು, ಬೆಳಗಿನ ಬಸ್ಸು ಎಷ್ಟೊತ್ತಿಗೆ ಎಂದು ಯಾರನ್ನೋ ಕೇಳುತ್ತಿದ್ದಳು. ದಿನಕ್ಕೆ ಐದಾರು ಸಲ ಅವರು ಕೇಳುತ್ತಿದ್ದರು. ಐದಾರು ಸಲ ಅವಳು ಬದುಕುತ್ತಿದ್ದಳು.

*

ಎರಡು ತಿಂಗಳು ಕಳೆಯುವುದರೊಳಗೆ ಅವರು ಕೇಳುವುದನ್ನು ಬಿಟ್ಟು ಹೇಳತೊಡಗಿದರು. ವಿಶಾಲಿ ನಾಳಿ ಬರ್ತಾಳ್ರಿ, ಆಕಿ ಖೋಲಿ ಸ್ವಚ್ಛ ಮಾಡಿಸ್ರಿ. ಆಮೇಲೆ ನಾಳೆ ಹೋಗಿ ಇವತ್ತಾಯಿತು. ಸಂಜೆ ನಾಲ್ಕಕ್ಕೆ ಅವಳ ಕೊಡೆ ಹಿಡಿದು ಸಪ್ತಾಪುರದ ಬಸ್‌ಸ್ಟಾಪಿನಲ್ಲಿ ನಿಲ್ಲತೊಡಗಿದರು. ಕರೆದರೆ ಬರುತ್ತಿರಲಿಲ್ಲ. ಕೈ ಹಿಡಿದರೆ ಕೊಡವುತ್ತಿದ್ದರು. ಒಂದು ಸಂಜೆ ನನ್ನನ್ನು ತಳ್ಳಿದರು. ಬಿದ್ದ ನನ್ನನ್ನು ತಾವೇ ಎತ್ತಿ, ಯಾರು ತಳ್ಳಿದರೆಂದು ಸಿಟ್ಟಿನಿಂದ ಸುತ್ತಲೂ ನೋಡಿದರು.

ತೊಂಬತ್ತೆಂಟನೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಅವರ ಕೈಪಟ್ಟಿಯ ಮೇಲಿದ್ದ ನಂಬರಿಗೆ ಯಾರೋ ಫೋನು ಮಾಡಿದರು. ಹೆದ್ದಾರಿಯ ಪಕ್ಕ ಪೇರಲಹಣ್ಣು ಮಾರುವ ಹೆಂಗಸು. ಲಾರಿಗಳ ನಡುವೆ ಬೈಲಹೊಂಗಲದ ಕಡೆ ನಡೆಯುತ್ತಿದ್ದವರನ್ನು ಅಂಗಿ ಹಿಡಿದು ಎಳೆದು ತಂದು ತನ್ನ ಬುಟ್ಟಿಯ ಪಕ್ಕ ಕೂರಿಸಿಕೊಂಡಿದ್ದಳು. ನಾನು ಹೋದಾಗ ತನ್ನ ತಲೆಯ ಸಿಂಬಿಯ ಬಟ್ಟೆ ಬಿಚ್ಚಿ ಅವರ ತಲೆಗೆ ಬಿಸಿಲು ಬೀಳದಂತೆ ಹೊದಿಸಿದ್ದಳು. ಗುರುಪಾದರದು ಬರಿಗಾಲು, ಹಿಮ್ಮಡಿಯಲ್ಲಿ ರಕ್ತ.

“ಹೇಣ್ತಿ ಬರೂತನಕಾ ಏಳಂಗಿಲ್ಲ ಅಂತಾರವ್ವಾ. ಬರ್ತಾಳೇನು ಆಕಿ?”

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಮತ್ತೇನೂ ಕೇಳದೆ ಎರಡು ಹಣ್ಣು ಆರಿಸಿ ನನ್ನ ಚೀಲಕ್ಕೆ ಹಾಕಿದಳು.

*

ನೂರಾ ಮೂರನೆಯ ದಿನದ ತಪಾಸಣೆಗೆ ಕೇಂದ್ರಕ್ಕೆ ಹೋದೆವು. ಕತ್ತಲೆ ಕೋಣೆಯಲ್ಲಿ ಗುರುಪಾದರ ತಲೆಗೆ ಟೊಪ್ಪಿಗೆಯಂಥದ್ದನ್ನು ಹಾಕಿದರು. ಎದುರಿನ ಪರದೆಯ ಮೇಲೆ ಅವರ ಮಿದುಳು ನೀಲಿಯಾಗಿ ಕಾಣಿಸಿತು. ಫರ್ಹಾನಾ ಒಂದೊಂದೇ ಪ್ರಶ್ನೆ ಕೇಳಿದಳು. ಹೆಸರೇನು, ಯಾವ ಊರು, ಏನು ಕೆಲಸ, ಇವತ್ತು ಏನು ತಿಂದಿರಿ. ಒಂದೊಂದು ಉತ್ತರಕ್ಕೆ ಒಂದೊಂದು ತೆಳ್ಳನೆಯ ಬೆಳಕಿನ ಗೆರೆ ಹರಿದು ಹೋಗುತ್ತಿತ್ತು.

ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳಿದಳು.

“ನಾನು, ಅತ್ತಿಯವರು. ವಿಶಾಲಿ ಇವತ್ತ ಬರ್ತಾಳ,” ಎಂದರು.

ಪರದೆ ಹೊತ್ತಿಕೊಂಡಿತು. ಗೆರೆಯಲ್ಲ, ದಪ್ಪನೆಯ ಹಗ್ಗದಂತೆ ಬೆಳಕು. ತಮ್ಮ ಹೆಸರನ್ನು ಹೇಳಿದಾಗಲೂ ಅಷ್ಟು ಬೆಳಗಿರಲಿಲ್ಲ. ಫರ್ಹಾನಾಳ ಕೈ ಕೀಲಿಮಣೆಯ ಮೇಲೆ ನಿಂತಿತು. ಅವಳು ಮೊದಲು ಮಾಡಿದ ಕೆಲಸ ಪರದೆಯನ್ನು ಗುರುಪಾದರಿಗೆ ಕಾಣದಂತೆ ತಿರುಗಿಸಿದ್ದು. ಆಮೇಲೆ ಅವರಿಗೆ ಬಿಸ್ಕೀಟು ಕೊಟ್ಟು ನನ್ನನ್ನು ಹೊರಗೆ ಕರೆದುಕೊಂಡು ಹೋದಳು.

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನೂರು ದಿನದಲ್ಲಿ ಒಂದೇ ಒಂದು ಕೆಂಪು ಇದೆ, ಮೊದಲ ದಿನದ್ದು, ಅದನ್ನು ತಾನು ಮೊದಲೇ ನೋಡಬೇಕಿತ್ತು ಎಂದು ತನ್ನ ಮೇಲೇ ಹಾಕಿಕೊಂಡಳು. ಹೀಗೆಯೇ ಬೆಸೆದುಹೋದರೆ ಏನಾಗುತ್ತದೆ ಎಂದು ಕೇಳಿದೆ. ಸಾಯುವ ತನಕ ಅವರಿಗೆ ಪ್ರತಿದಿನವೂ ಅವಳು ಬರುವ ದಿನವಾಗಿರುತ್ತದೆ ಎಂದಳು. ಬಾಗಿಲು ಹಾಕಿ ಕೂರಿಸಬೇಕಾಗುತ್ತದೆ. ಬಾಗಿಲು ಹಾಕಿದವರು ಅವರಿಗೆ ಶತ್ರುವಾಗುತ್ತಾರೆ.

ಹದಿನೇಳು ದಿನ ಉಳಿದಿದ್ದವು. ಅವರು ಅವಳು ಬರುತ್ತಾಳೆಂದಾಗೆಲ್ಲ ಕೆಂಪು ಒತ್ತಿದರೆ ಆ ಹಗ್ಗ ಸವೆಯುತ್ತದೆ. ಆದರೆ ಅದರ ಜಾಗದಲ್ಲಿ ನಿಜ ನಿಲ್ಲಬೇಕಾದರೆ, ಅವಳು ಸತ್ತಿದ್ದಾಳೆಂಬ ಮಾತು ಅವರ ಬಾಯಿಂದಲೇ ಬರಬೇಕು. ನಾನು ಹೇಳಿ ಅವರು ಕೇಳಿದರೆ ಸಾಲದು. ಅವರು ಹೇಳಬೇಕು, ಹೇಳಿದ ಕೂಡಲೇ ನಾನು ಹಸಿರು ಒತ್ತಬೇಕು. ಕಡಿಮೆಯೆಂದರೂ ಅರವತ್ತು ಸಲ. ಪ್ರತಿ ಸಲವೂ ಅವರಿಗೆ ಅದು ಮೊದಲ ಸಲ.

ಬೇರೆ ಯಾರಾದರೂ ಒತ್ತಬಹುದೇ ಎಂದು ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ.

“ಆಗ್ತಿದ್ರ ನಾನ ಬಂದು ನಿಮ್ಮ ಮನ್ಯಾಗ ಕುಂದರ್ತಿದ್ದೆ ಅಮ್ಮಾರ,” ಎಂದಳು. “ಜಾಲರಿ ನಿಮ್ಮ ದನಿಗೆ ಹೊಂದಿಬಿಟ್ಟೈತಿ. ಹೊಸಬ್ರಿಗೆ ಹೊಂದಾಕ ಮತ್ತ ತಿಂಗಳ ಬೇಕು.”

ಕಾರು ಸಿಗುವ ತನಕ ಅವಳು ನಮ್ಮ ಜೊತೆ ಬಿಸಿಲಲ್ಲಿ ನಿಂತಿದ್ದಳು.

*

ಸ್ನಾನವಾದ ಮೇಲಿನ ಒಂದು ಗಂಟೆ ಗುರುಪಾದರ ತಲೆ ತಿಳಿಯಾಗಿರುತ್ತಿತ್ತು. ಮರುದಿನ ಆ ಹೊತ್ತಿಗೆ ಅವರ ಹಳೆಯ ಸರ್ವೆ ನಕ್ಷೆಯೊಂದನ್ನು ಮೇಜಿನ ಮೇಲೆ ಹರವಿಕೊಂಡು ಕೂತೆ. ಕೆಲಸದಲ್ಲಿ ಅವರು ಎಂಥ ಮನುಷ್ಯನೆಂದು ನನಗೆ ಗೊತ್ತಿತ್ತು. ನಾಲ್ಕು ಬೆರಳಿನ ವ್ಯತ್ಯಾಸಕ್ಕಾಗಿ ಹನ್ನೆರಡು ಮೈಲಿ ತಿರುಗಿ ಹೋಗಿ ಅಳತೆಯ ಸರಪಳಿ ಹಿಡಿದವರು. ವಿಶಾಲಿ ಅದಕ್ಕಾಗಿ ಅವರನ್ನು ಕಾಡುತ್ತಿದ್ದಳು. ಹಬ್ಬದ ದಿನ ಹೋಳಿಗೆ ಕೊಡುವಾಗ ಅಳತಿ ಸರಿ ಐತಿಲ್ಲ ನೋಡ್ಕೋರಿ ಎನ್ನುತ್ತಿದ್ದಳು.

ಒಂದು ಹೊಲದ ಗಡಿ ತೋರಿಸುವ ಬಾಂದುಕಲ್ಲು ತಪ್ಪು ಜಾಗದಲ್ಲಿ ನೆಟ್ಟಿದೆ ಎಂದೆ. ಹೊಲದವನಿಗೆ ಗೊತ್ತಿಲ್ಲ, ಸಂತೋಷವಾಗಿದ್ದಾನೆ. ಕಲ್ಲು ಕಿತ್ತರೆ ಅವನ ಪಾಲಿಗೆ ಏನೂ ಉಳಿಯುವುದಿಲ್ಲ. ಏನು ಮಾಡಬೇಕು?

ಅವರು ನಕ್ಷೆಯ ಮೇಲೆ ಬೆರಳಾಡಿಸಿದರು. “ಕೀಳಬೇಕ್ರಿ. ಒಂದ ಕಲ್ಲು ತಪ್ಪಿದ್ರ ಅಲ್ಲಿಂದ ಮುಂದಿಂದೆಲ್ಲಾ ತಪ್ಪು. ಆ ಹೊಲದಾಗ ಅವ ಎಲ್ಲಿ ನಿಂತಾನನ್ನೋದ ಅವಗ ಗೊತ್ತಿರಂಗಿಲ್ಲ.”

“ಹೊಲ ನಿಮ್ಮದಾದ್ರರೀ ಅಳಿಯಾರ?”

ಅವರು ನಕ್ಕರು. “ನಂದಾದ್ರ ಇನ್ನೂ ಲಗೂನ ಕೀಳ್ರಿ. ಸರ್ವೇಯರ ಹೊಲಾನ ತಪ್ಪಿದ್ರ ಊರ ಮಂದಿ ನಗಂಗಿಲ್ಲೇನು?”

ಎಷ್ಟು ನೋವಾದರೂ ಕೀಳಲೇ ಎಂದು ಕೇಳಿದೆ. ಅವರು ನನ್ನನ್ನು ನೋಡಿದರು. ಏನೋ ಹೊಳೆದಿರಬೇಕು, ಅಥವಾ ಹೊಳೆದಿತ್ತೆಂದು ನಾನು ಅಂದುಕೊಂಡಿರಬೇಕು. ಕೀಳ್ರಿ ಅತ್ತಿಯವರ ಎಂದರು. ಮಾತು ಕೊಡಿ ಎಂದರು. ಕೊಟ್ಟೆ. ಊಟದ ಹೊತ್ತಿಗೆ ಅವರಿಗೆ ಆ ಮಾತು ನೆನಪಿರಲಿಲ್ಲ. ಅದನ್ನು ಇಟ್ಟುಕೊಂಡವಳು ನಾನೊಬ್ಬಳೇ.

*

ಆ ಹದಿನೇಳು ದಿನಗಳನ್ನು ಬಿಡಿಸಿ ಹೇಳಲಾರೆ.

ಅವರು ಕೊಡೆ ಹುಡುಕುತ್ತ ಬರುತ್ತಿದ್ದರು. ವಿಶಾಲಿ ಇವತ್ತ ಬರ್ತಾಳ್ರಿ. ನಾನು ಕೆಂಪು ಒತ್ತುತ್ತಿದ್ದೆ. ಗುಬ್ಬಿ ಚೀರುತ್ತಿತ್ತು. ಅವರ ಕಿವಿ ಕೆಂಪಾಗುತ್ತಿತ್ತು. ತಪ್ಪಾತೇನ್ರಿ? ಹೌದ್ರಿ, ತಪ್ಪು. ಹದಿನಾಲ್ಕು ವರ್ಷ ಬಾಯಲ್ಲಿ ಬರದ ಮಾತು ದಿನಕ್ಕೆ ನಾಲ್ಕು ಸಲ ಬಂತು. ಕಾರು, ಕಬ್ಬಿನ ಟ್ರ್ಯಾಕ್ಟರು, ಕತ್ತಲೆ, ಎಲ್ಲ ಹೇಳುತ್ತಿದ್ದೆ. ಆಮೇಲೆ ಅವರಿಂದ ಹೇಳಿಸಬೇಕಿತ್ತು. ವಿಶಾಲಿ ಎಲ್ಲಿ ಅದಾಳ್ರಿ ಎಂದು ನಾನೇ ತಿರುಗಿ ಕೇಳಬೇಕಿತ್ತು, ಪರೀಕ್ಷೆಯಲ್ಲಿ ಕೇಳಿದ ಹಾಗೆ.

“ವಿಶಾಲಿ ಸತ್ತಾಳ,” ಎಂದು ಅವರು ಹೇಳುತ್ತಿದ್ದರು. ಒಮ್ಮೊಮ್ಮೆ ಹೇಳಲು ಕಾಲು ಗಂಟೆ ಬೇಕಾಗುತ್ತಿತ್ತು.

ಆಮೇಲೆ ಪ್ರತಿ ಸಲವೂ, ಒಂದು ಸಲವೂ ತಪ್ಪದೆ, ಆ ಇನ್ನೊಂದು ಪ್ರಶ್ನೆ ಬರುತ್ತಿತ್ತು.

“ಗಾಡಿ ನಾನ ಹೊಡೀತಿದ್ನೇನ್ರಿ?”

ಹೌದೆಂದು ತಲೆಯಾಡಿಸುತ್ತಿದ್ದೆ. ಅವರು ಕೆಳಗೆ ನೋಡುತ್ತ ಕೂರುತ್ತಿದ್ದರು. ನಾನು ಕಾಯುತ್ತಿದ್ದೆ, ಗೋಡೆಯ ಕಡೆ ಹೋದರೆ ಹಿಡಿದುಕೊಳ್ಳಬೇಕೆಂದು. ಗೋಡೆಯ ಕಡೆ ಹೋಗಲಿಲ್ಲ. ಮೊದಲ ಸಲ ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಯಾರೆಂಬುದು ಆಗ ಅವರಿಗೆ ಹೊಳೆಯಿತು, ಅವಳ ತಾಯಿ ಎಂಬುದು. ಎದ್ದು ಅಡುಗೆಮನೆಗೆ ಹೋದರು. ನಮ್ಮ ಮನೆಯಲ್ಲಿ ತಾವಾಗಿ ಒಂದು ಲೋಟ ಎತ್ತಿಕೊಳ್ಳದ ಅಳಿಯ, ತಂಬಿಗೆ ತುಂಬಿಸಿ, ಬಾಗಿಲಿಗೆ ಎಡಭುಜ ಬಡಿಸಿಕೊಂಡು, ದಾರಿಯುದ್ದಕ್ಕೂ ಚೆಲ್ಲುತ್ತ ತಂದರು.

“ಕುಂದರ್ರಿ ಅತ್ತಿಯವರ. ನೀರು ಕುಡೀರಿ. ನಿಮ್ಮ ಮಗಳಲ್ಲೇನ್ರಿ ಆಕಿ.”

ನಾನು ಕುಡಿದೆ. ಗಂಟಲಿನಲ್ಲಿ ಇಳಿಯಿತು. ಆಗ ಕೈಯಲ್ಲಿದ್ದ ಪೆಟ್ಟಿಗೆಯ ನೆನಪು ಬಂದು ಹಸಿರು ಒತ್ತಿದೆ.

ಎರಡನೆಯ ಸಲವೂ ಹಾಗೆಯೇ ಆಯಿತು, ಹತ್ತನೆಯ ಸಲವೂ. ಅವರಿಗೆ ಹಿಂದಿನದೇನೂ ನೆನಪಿಲ್ಲ, ಆದರೂ ಪ್ರತಿ ಸಲ ತಲೆ ಎತ್ತಿ ನನ್ನನ್ನು ನೋಡಿದ ಮೇಲೆ ತಾವು ಅಳುವುದಕ್ಕೆ ಮುಂಚೆ ಎದ್ದು ಹೋಗಿ ನೀರು ತಂದರು. ಆಮೇಲೆ ಅತ್ತರು. ಒಂದು ದಿನ, ಸುಳ್ಳು ಹೇಳಬಾರದು, ಗಾಡಿ ನಾನ ಹೊಡೀತಿದ್ನೇನ್ರಿ ಎಂದಾಗ ನನಗೆ ಸಿಟ್ಟು ಬಂತು. ಇಷ್ಟು ದಿನ ಎಲ್ಲಿ ಅಡಗಿತ್ತೋ ಗೊತ್ತಿಲ್ಲ. ನೀವಲ್ಲದ ಮತ್ಯಾರು ಎಂದೆ. ನೀವು ಸಾವಕಾಶ ಬಂದಿದ್ರ ನನ್ನ ಮಗಳಿರ್ತಿದ್ದಳು ಎಂದೆ. ಅವರು ಆ ಮಾತನ್ನು ಅಳತೆಯ ಕಾಗದ ಓದುವಂತೆ ಗಮನವಿಟ್ಟು ಕೇಳಿದರು. ಎದ್ದು ಹೋದರು. ಆ ದಿನ ತಂಬಿಗೆಯ ಬಾಯಿಗೆ ಒಂದು ಬಟ್ಟಲು ಮುಚ್ಚಿಕೊಂಡು ಬಂದರು, ಚೆಲ್ಲದಿರಲೆಂದು.

ಒಟ್ಟು ಅರವತ್ತೆಂಟು ಸಲ.

ಹಗ್ಗ ಸವೆಯುತ್ತಿತ್ತು, ಪರದೆಯಿಲ್ಲದೆಯೂ ಅದು ಅವರ ನಡವಳಿಕೆಯಲ್ಲೇ ಕಾಣುತ್ತಿತ್ತು. ಹತ್ತನೆಯ ದಿನದಿಂದ ಕೊಡೆ ಹುಡುಕುವುದನ್ನು ಬಿಟ್ಟರು. ಹದಿನಾಲ್ಕನೆಯ ದಿನ, ಅವಳು ಇವತ್ತ ಬರ್ತಾಳೋ ಏನೋ ಎಂದರು, ಸಂದೇಹದಿಂದ. ಫರ್ಹಾನಾಳಿಗೆ ಫೋನಿನಲ್ಲಿ ಹೇಳಿದೆ. ಅವಳ ದನಿಯಲ್ಲೂ ಆಸೆ ಕೇಳಿಸಿತು.

*

ನೂರಿಪ್ಪತ್ತನೆಯ ದಿನ ಮತ್ತೆ ಆ ಕತ್ತಲೆ ಕೋಣೆ. ಜಾಲರಿ ಬೆಸೆದುಕೊಂಡಿದೆ, ಇನ್ನು ಪೆಟ್ಟಿಗೆಯಿಂದ ಕೆಲಸವಿಲ್ಲ ಎಂದು ಫರ್ಹಾನಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದರೊಳಗೆ ಪ್ರತಿ ಒತ್ತಿನ ಸಮಯ ದಾಖಲಾಗಿರುತ್ತದೆ, ಈಗ ತೆರೆದು ನೋಡಬಹುದು ಎಂದಳು.

ಪ್ರಶ್ನೆಗಳು ಶುರುವಾದವು. ಹೆಸರು, ಊರು, ಕೆಲಸ. ಗೆರೆಗಳು ಮೊದಲಿಗಿಂತ ಗಟ್ಟಿಯಾಗಿದ್ದವು.

“ವಿಶಾಲಾಕ್ಷಿಯವರು ಎಲ್ಲದಾರ್ರಿ?” ಎಂದು ಅವಳು ಕೇಳಿದಳು.

ಗುರುಪಾದರು ಹುಬ್ಬು ಗಂಟಿಕ್ಕಿದರು. ಪರದೆಯಲ್ಲಿ ಆ ಹಗ್ಗ ಇರಲಿಲ್ಲ. ಅದಿದ್ದ ಜಾಗದಲ್ಲಿ ಬೂದಿ ಬಣ್ಣದ ಮಸುಕು. ಪಕ್ಕದಲ್ಲಿ ಹೊಸ ಗೆರೆಯೂ ಇರಲಿಲ್ಲ. ನಾನು ಮುಂದಕ್ಕೆ ಬಾಗಿ ಹುಡುಕಿದೆ. ಇರಲಿಲ್ಲ.

“ಗೊತ್ತಿಲ್ರಿ,” ಎಂದರು.

ಆಗ ಪರದೆಯ ಇನ್ನೊಂದು ಮೂಲೆಯಲ್ಲಿ, ಮಾತಿಗೆ ಸಂಬಂಧವೇ ಇಲ್ಲದ ಕಡೆ, ಬೆಳಕು ಎದ್ದಿತು. ಮೊದಲಿದ್ದ ಹಗ್ಗಕ್ಕಿಂತ ದಪ್ಪ. ಫರ್ಹಾನಾ ಇದೇನೆಂದು ತನ್ನೊಳಗೇ ಅಂದುಕೊಂಡಳು. ಅದು ಕೈಕಾಲು ಆಡಿಸುವ ಭಾಗ ಎಂದಳು. ಅಷ್ಟರಲ್ಲಿ ಗುರುಪಾದರು ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದರು. ತಲೆಯ ಟೊಪ್ಪಿಗೆಯ ತಂತಿಗಳು ಹಿಂದೆ ಎಳೆಯುತ್ತಿದ್ದರೂ ಎದ್ದರು. ಮೂಲೆಯಲ್ಲಿ ನೀರಿನ ಕ್ಯಾನು ಇತ್ತು. ಲೋಟ ತುಂಬಿಸಿ, ಚೆಲ್ಲುತ್ತ, ನನ್ನ ಮುಂದೆ ತಂದು ಹಿಡಿದರು.

“ಕುಂದರ್ರಿ ಅತ್ತಿಯವರ. ನೀರು ಕುಡೀರಿ.”

ನಾನು ಕೂತೇ ಇದ್ದೆ.

ಫರ್ಹಾನಾ ಪೆಟ್ಟಿಗೆಯೊಳಗಿನ ದಾಖಲೆಯನ್ನು ತೆರೆದಳು. ನನಗೆ ಅವಳು ಹೇಳುವ ಮೊದಲೇ ತಿಳಿದಿತ್ತು. ಐದು ಸೆಕೆಂಡು. ವಿಶಾಲಿ ಸತ್ತಾಳ ಎಂದ ಕೂಡಲೇ ಒತ್ತಬೇಕಿತ್ತು. ಅರವತ್ತೆಂಟು ಸಲವೂ ನನ್ನ ಬೆರಳು ಏಳಲಿಲ್ಲ. ನನ್ನ ಮಗಳ ಸಾವಿಗೆ ಸರಿ ಎಂದು ಒತ್ತಲು ನನ್ನಿಂದ ಆಗಲಿಲ್ಲ. ನೀರು ಗಂಟಲಿಗೆ ಇಳಿದ ಮೇಲೆ ಬೆರಳು ತಾನಾಗಿ ಹೋಗುತ್ತಿತ್ತು.

“ಕೆಂಪು ಎಲ್ಲಾ ವ್ಯಾಳ್ಯಾಕ್ಕ ಸರಿ ಅದಾವ್ರಿ,” ಎಂದಳು ಅವಳು, ಮೆಲ್ಲಗೆ. “ಹಸರು… ಎರಡು ನಿಮಿಷ, ಮೂರು ನಿಮಿಷ. ಜಾಲರಿ ನೀರು ತಂದುಕೊಡೂದನ್ನ ಹಿಡದೈತಿ.”

ಸುಳ್ಳನ್ನು ಕಿತ್ತಿದ್ದೆ. ಅದರ ಜಾಗದಲ್ಲಿ ಏನನ್ನೂ ನೆಟ್ಟಿರಲಿಲ್ಲ. ಗುರುಪಾದರು ಇನ್ನೂ ಲೋಟ ಹಿಡಿದು ನಿಂತಿದ್ದರು, ಅವರ ತೋಳಿನಿಂದ ನೀರು ಹರಿಯುತ್ತಿತ್ತು. ಫರ್ಹಾನಾ ತನ್ನ ದುಪಟ್ಟಾದ ತುದಿಯಿಂದ ಅವರ ಮೊಳಕೈ ಒರೆಸಿದಳು.

*

ಇದಾಗಿ ಎರಡು ವರ್ಷವಾಯಿತು. ಅವರು ಬಸ್‌ಸ್ಟಾಪಿಗೆ ಹೋಗುವುದಿಲ್ಲ. ಹೆದ್ದಾರಿಗೆ ಹೋಗುವುದಿಲ್ಲ. ತಾವಾಗಿ ಸ್ನಾನ ಮಾಡುತ್ತಾರೆ, ಗುಂಡಿ ಹಾಕಿಕೊಳ್ಳುತ್ತಾರೆ. ತಾಟನ್ನು ಈಗಲೂ ನಾನು ತಿರುಗಿಸುತ್ತೇನೆ.

ಬೆಳಿಗ್ಗೆ ಎದ್ದು ಕೋಣೆಯಿಂದ ಬಂದು, ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಾರೆ. ಏನೋ ಕಳೆದಿದೆ ಎಂಬುದು ಮಾತ್ರ ಮುಖದಲ್ಲಿರುತ್ತದೆ. ನೇರ ಅಡುಗೆಮನೆಗೆ ಹೋಗುತ್ತಾರೆ. ತಂಬಿಗೆ ತುಂಬುವ ಸದ್ದು ಕೇಳುತ್ತದೆ. ಚೆಲ್ಲುತ್ತ ತರುತ್ತಾರೆ. ನನ್ನ ಕೈಗೆ ಕೊಟ್ಟ ಮೇಲೆ ತಮ್ಮ ಬರಿಗೈ ನೋಡಿಕೊಳ್ಳುತ್ತಾರೆ.

“ನಾ ಯಾಕ ನೀರು ತಂದ್ನಿರಿ ಅತ್ತಿಯವರ? ವಿಶಾಲಿ ಎಲ್ಲಿ?”

ಅವರಿಗೆ ಮಾತು ಕೊಟ್ಟಿದ್ದೇನೆ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಒಂದು ಸಲ ಹೇಳುತ್ತೇನೆ. ಕಾರು, ಟ್ರ್ಯಾಕ್ಟರು, ಕತ್ತಲೆ. ಗಾಡಿ ಹೊಡೀತಿದ್ದವರು ಯಾರೆಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಅವರು ಅಳುತ್ತಾರೆ, ಊಟದ ಹೊತ್ತಿಗೆ ಮರೆಯುತ್ತಾರೆ. ನನ್ನ ಕಾಲ ಮುಗಿದ ಮೇಲೆ ಇದನ್ನು ಯಾರು ಹೇಳುತ್ತಾರೋ, ಅವರ ನೀರನ್ನು ಯಾರು ಇಸಿದುಕೊಳ್ಳುತ್ತಾರೋ ನನಗೆ ತಿಳಿಯದು.

ಆದರೆ ತಂಬಿಗೆ ನನ್ನ ಕೈಯಲ್ಲಿರುವ ತನಕ ಅವರು ಉತ್ತರಕ್ಕೆ ಅವಸರ ಮಾಡುವುದಿಲ್ಲ. ದೊಡ್ಡವರು ನೀರು ಕುಡಿಯುವಾಗ ಮಾತಾಡಿಸಬಾರದೆಂದು ಅವರ ತಾಯಿ ಎಂದೋ ಕಲಿಸಿದ್ದು ಹಾಗೇ ಇದೆ. ಎದುರಿಗೆ ಕೂತು, ಕೈ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾರೆ.

ನಾನು ನಿಧಾನವಾಗಿ ಕುಡಿಯುತ್ತೇನೆ.